ಕಬ್ಬಿಣದ ಭೀಮ

ರಾಂಜಣಗಾಂವದ ಸ್ಥಳಪುರಾಣದಲ್ಲಿ ಶಿವ ಮೊದಲು ಸೋಲುತ್ತಾನೆ.

ಪುಣೆಯಿಂದ ಅಹಿಲ್ಯಾನಗರದ ಹೆದ್ದಾರಿ ಹಿಡಿದು ಸುಮಾರು 50 ಕಿಲೋಮೀಟರ್ ಹೋದರೆ ಸಿಗುವ ಊರು ಇದು. ಅಷ್ಟವಿನಾಯಕ ಯಾತ್ರೆಗೆಂದು ವಿಜಯಪುರ, ಕಲಬುರಗಿ, ಬೆಳಗಾವಿ ಕಡೆಯಿಂದ ಬಾಡಿಗೆ ಗಾಡಿ ಮಾಡಿಕೊಂಡು ಬರುವ ನಮ್ಮ ಜನ ಎಂಟನೆಯವನಾದ ಈ ಮಹಾಗಣಪತಿಯ ಮುಂದೆ ನಿಲ್ಲುವ ಹೊತ್ತಿಗೆ ದಣಿದು ಹಣ್ಣಾಗಿರುತ್ತಾರೆ. ಕತೆ ಕೇಳುವ ತಾಳ್ಮೆ ಯಾರಿಗೂ ಉಳಿದಿರುವುದಿಲ್ಲ. ಕತೆ ಮಾತ್ರ ಕೇಳುವಂಥದು. ಗೃತ್ಸಮದ ಋಷಿ ಸೀನಿದಾಗ ಹುಟ್ಟಿದ ಹುಡುಗನೊಬ್ಬ ಗಣಪತಿಯನ್ನೇ ಒಲಿಸಿಕೊಂಡು ಚಿನ್ನ, ಬೆಳ್ಳಿ, ಕಬ್ಬಿಣದ ಮೂರು ಪುರಗಳನ್ನು ಪಡೆದ, ತ್ರಿಪುರಾಸುರನಾಗಿ ಮೂರು ಲೋಕಕ್ಕೂ ಕಾಟ ಕೊಟ್ಟ. ಆ ಪುರಗಳನ್ನು ಒಂದೇ ಬಾಣದಲ್ಲಿ ಕೆಡವಬಲ್ಲವನು ಶಿವನೊಬ್ಬನೇ. ಶಿವ ಹೊರಟ, ಕಾದಿದ, ಹಿಂದೆ ಸರಿದ. ಆಗ ನಾರದ ಬಂದು, ಹೊರಡುವ ಮುಂಚೆ ಗಣಪತಿಯನ್ನು ನೆನೆದೆಯಾ ಎಂದು ಕೇಳಿದನಂತೆ. ಮಗನೇ ತಾನೆ ಎಂದು ಬಿಟ್ಟಿದ್ದನೋ, ಅವಸರದಲ್ಲಿ ಮರೆತಿದ್ದನೋ, ಅಂತೂ ನೆನೆದಿರಲಿಲ್ಲ. ಶಿವ ಇಲ್ಲಿ ಕೂತ, ಪೂಜೆ ಮಾಡಿದ, ಎದ್ದು ಹೋಗಿ ಕಾರ್ತಿಕದ ಹುಣ್ಣಿಮೆಯಂದು ಒಂದೇ ಬಾಣದಲ್ಲಿ ಕೆಲಸ ಮುಗಿಸಿದ.

ಭಕ್ತರು ಇದನ್ನು ಗಣಪತಿಯ ಮಹಿಮೆಯ ಕತೆ ಎಂದು ಕೇಳುತ್ತಾರೆ. ಕುಸ್ತಿ ನೋಡುತ್ತ ಬೆಳೆದವನ ಕಿವಿಗೆ ಅದು ಬೇರೆ ಥರ ಕೇಳುತ್ತದೆ. ಮೊದಲ ಕಾಳಗಕ್ಕೂ ಎರಡನೆಯದಕ್ಕೂ ನಡುವೆ ಶಿವನ ತೋಳು ದಪ್ಪವಾಗಲಿಲ್ಲ, ಬಿಲ್ಲು ಬದಲಾಗಲಿಲ್ಲ, ಎದುರಾಳಿಯೂ ಅವನೇ. ಬದಲಾದದ್ದು ಹೊರಡುವ ಮುಂಚಿನ ಹೊತ್ತು. ಇವತ್ತು ಲಕ್ಷಗಟ್ಟಲೆ ಹಣ ಪಡೆದು ಕ್ರೀಡಾ ಮನಶ್ಶಾಸ್ತ್ರಜ್ಞರು ಮಾಡುವ ಕೆಲಸವನ್ನು ನಾರದ ಆಗಲೇ ಪುಕ್ಕಟೆ ಮಾಡಿದ್ದ.

ರಾಂಜಣಗಾಂವ ಬರೀ ದೇವಸ್ಥಾನದ ಊರಲ್ಲ. ಫಿಯೆಟ್, ಎಲ್‌ಜಿ, ವರ್ಲ್‌ಪೂಲ್ ಕಾರ್ಖಾನೆಗಳಿರುವ ದೊಡ್ಡ ಎಂಐಡಿಸಿ ಕೈಗಾರಿಕಾ ಪ್ರದೇಶ ಇಲ್ಲಿದೆ. ದರ್ಶನದ ಸರದಿಯಲ್ಲಿ ಕೊರಳಿಗೆ ಕಂಪನಿಯ ಗುರುತಿನ ಚೀಟಿ ನೇತುಹಾಕಿಕೊಂಡ, ರಾತ್ರಿ ಪಾಳಿ ಮುಗಿಸಿ ನೇರ ಬಂದ ಹುಡುಗರಿರುತ್ತಾರೆ. ನನ್ನ ಮುಂದೆ ನಿಂತಿದ್ದ ಇಬ್ಬರು ಮೊಬೈಲಿನಲ್ಲಿ ಒಂದು ಎಂಎಂಎ (ಮಿಶ್ರ ಸಮರಕಲೆ) ಕಾಳಗವನ್ನು ಹಿಂದೆ ಮುಂದೆ ಓಡಿಸಿ ನೋಡುತ್ತಿದ್ದರು, ಮಾತು ಅಪ್ಪಟ ಇಂಡಿ ಕಡೆಯ ಕನ್ನಡ.

“ಹತ್ತೊಂಬತ್ತ ಸೆಕೆಂಡ್‌ನ್ಯಾಗ ಮಲಗಸ್ಯಾನ ನೋಡಲೇ. ತಯಾರಿ ಏನ್ ಕಮ್ಮಿ ಇತ್ತಂತೀ ಅವಂದು?”

“ತಯಾರಿ ಅಲ್ಲೋ ದೋಸ್ತ, ತಲಿ.”

ಅವರು ನೋಡುತ್ತಿದ್ದದ್ದು ಉತ್ತರಾಖಂಡದ ಅಂಶುಲ್ ಜುಬ್ಲಿಯ ಕಾಳಗ. 2023ರ ಫೆಬ್ರುವರಿಯಲ್ಲಿ ಇಂಡೊನೇಷ್ಯಾದ ಜೆಕಾ ಸರಗಿಯನ್ನು ಸೋಲಿಸಿ ಎಂಎಂಎ ಸಂಘಟಕ ಸಂಸ್ಥೆಯಾದ ಯುಎಫ್‌ಸಿಯ ಒಪ್ಪಂದ ಗೆದ್ದವನು ಅವನು. ಅದೇ ವರ್ಷದ ಅಕ್ಟೋಬರಿನಲ್ಲಿ ಅಬುಧಾಬಿಯಲ್ಲಿ ಮೈಕ್ ಬ್ರೀಡೆನ್ ಎದುರು ಮೂರನೆಯ ಸುತ್ತಿನಲ್ಲಿ ಒಂದು ಏಟಿಗೆ ಉರುಳಿದ. 2025ರ ಫೆಬ್ರುವರಿಯಲ್ಲಿ ಸಿಡ್ನಿಯಲ್ಲಿ ಕ್ವಿಲನ್ ಸಾಲ್ಕಿಲ್ಡ್ ಎದುರು 19 ಸೆಕೆಂಡು. ಆ ಹುಡುಗ ‘ತಲಿ’ ಎಂದದ್ದು ನನಗೆ ಅಷ್ಟು ಸರಿಕಾಣಲಿಲ್ಲ. 19 ಸೆಕೆಂಡಿನಲ್ಲಿ ಬಿದ್ದವನ ತಲೆಯೇ ಸರಿಯಿರಲಿಲ್ಲ ಎನ್ನುವುದು ಕೂತು ನೋಡುವವರ ಸುಲಭದ ತೀರ್ಪು. ದವಡೆಗೆ ಸರಿಯಾಗಿ ಬಿದ್ದ ಗುದ್ದು ಧ್ಯಾನ ಮಾಡಿದವನನ್ನೂ ಕೆಡವುತ್ತದೆ. ಆದರೂ ಪ್ರಶ್ನೆ ಉಳಿಯುತ್ತದೆ. ಪಂಜರದ ಬಾಗಿಲು ಮುಚ್ಚುವ ಮುಂಚಿನ ಗಂಟೆಗಳಲ್ಲಿ ಕಾದಾಡುವವನ ತಲೆಯೊಳಗೆ ನಡೆಯುವುದಾದರೂ ಏನು?

ಮೈಯೊಳಗೆ ನಡೆಯುವುದನ್ನು ಹೇಳುವುದು ಸುಲಭ. ಅಡ್ರಿನಲಿನ್ ನುಗ್ಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ರಕ್ತ ಚರ್ಮದಿಂದ ದೊಡ್ಡ ಸ್ನಾಯುಗಳ ಕಡೆ ಸರಿಯುವುದರಿಂದ ಅಂಗೈ ತಣ್ಣಗಾಗುತ್ತದೆ, ಬೆವರುತ್ತದೆ. ಜೀರ್ಣ ನಿಧಾನವಾಗುತ್ತದೆ, ಹೊಟ್ಟೆ ತೊಳಸುತ್ತದೆ, ಮತ್ತೆ ಮತ್ತೆ ಮೂತ್ರಕ್ಕೆ ಹೋಗಬೇಕೆನಿಸುತ್ತದೆ, ಕಾರಣವಿಲ್ಲದೆ ಆಕಳಿಕೆ ಬರುತ್ತದೆ. ಹೊಸಬ ಇದನ್ನು ಹೆದರಿಕೆ ಎಂದು ಓದಿ ಇನ್ನಷ್ಟು ಹೆದರುತ್ತಾನೆ. ಹಳಬ, ಮೈ ತಯಾರಾಯಿತು ಎಂದು ಓದುತ್ತಾನೆ. ಇಬ್ಬರ ಮೈಯಲ್ಲೂ ಓಡುವುದು ಒಂದೇ ರಸ.

ಹಳಬನಿಗೆ ಭಯವೇ ಇಲ್ಲವೇ? 1960ರ ದಶಕದಲ್ಲಿ ಅಮೆರಿಕದ ಸೇಮರ್ ಎಪ್‌ಸ್ಟೀನ್ ಮತ್ತು ವಾಲ್ಟರ್ ಫೆನ್ಜ್ ಎಂಬ ಮನಶ್ಶಾಸ್ತ್ರಜ್ಞರು ಪ್ಯಾರಾಚೂಟ್ ಕಟ್ಟಿಕೊಂಡು ವಿಮಾನದಿಂದ ಧುಮುಕುವವರ ಎದೆಬಡಿತ, ಉಸಿರು, ಚರ್ಮದ ಬೆವರನ್ನು ಅಳೆದು ನೋಡಿದರು. ಹೊಸಬರಲ್ಲಿ ಉದ್ವೇಗ ಏರುತ್ತಲೇ ಹೋಗಿ ಧುಮುಕುವ ಗಳಿಗೆಗೆ ತುತ್ತತುದಿ ಮುಟ್ಟುತ್ತಿತ್ತು. ಅನುಭವಿಗಳಲ್ಲಿ ಅದು ಬೇಗನೆ ಏರಿ, ಧುಮುಕುವ ಹೊತ್ತಿಗೆ ಇಳಿದಿರುತ್ತಿತ್ತು. ಎಂದರೆ ಪಳಗಿದವನಿಗೂ ಭಯ ಬರುತ್ತದೆ, ಮುಂಚೆ ಬರುತ್ತದೆ. ಬಾಗಿಲ ಹತ್ತಿರ ಬರುವಷ್ಟರಲ್ಲಿ ಅದರ ಜತೆ ಅವನ ವ್ಯವಹಾರ ಮುಗಿದಿರುತ್ತದೆ.

ಇದನ್ನು ಓದಿದಾಗ ನನಗೆ ನೆನಪಾದವನು ರನ್ನ. ಮುಧೋಳದ ರನ್ನ ತನ್ನ ಗದಾಯುದ್ಧವನ್ನು ಕಟ್ಟಿದ್ದೇ ಕಾಳಗದ ಮುಂಚಿನ ಹೊತ್ತಿನ ಮೇಲೆ. ಗದೆಗಳು ತಾಗುವುದಕ್ಕೆ ಎಷ್ಟೋ ಮುಂಚಿನಿಂದ ನಾವು ದುರ್ಯೋಧನನ ಜತೆ ನಡೆಯುತ್ತಿರುತ್ತೇವೆ. ದ್ರೋಣನ ಹೆಣ, ದುಶ್ಶಾಸನನ ಹೆಣ, ಮಗನ ಹೆಣ, ಕರ್ಣನ ಹೆಣ. ಭೀಷ್ಮರ ಮಾತಿಗೆ ಒಪ್ಪಿ ವೈಶಂಪಾಯನ ಸರೋವರದಲ್ಲಿ ಅಡಗಿದವನನ್ನು ದಡದಲ್ಲಿ ನಿಂತ ಭೀಮ ಕೆಣಕುತ್ತಾನೆ, ನೀರಿನೊಳಗಿದ್ದವನು ಬೆವರುತ್ತಾನೆ. ಶಾಲೆಯಲ್ಲಿ ಈ ಬೆವರು ಸಿಟ್ಟಿನದು ಎಂದು ಕಲಿಸುತ್ತಾರೆ. ಇರಲಿ. ಸಿಟ್ಟಿಗೂ ಅಂಜಿಕೆಗೂ ಮೈ ಬೇರೆ ಬೇರೆ ಬೆವರು ಇಟ್ಟುಕೊಂಡಿಲ್ಲ. ನನಗೆ ಮುಖ್ಯವಾಗಿ ಕಾಣುವುದು, ರನ್ನ ಅವನನ್ನು ಬೆವರಿಸಿದ್ದು ನೀರಿನಲ್ಲಿ. ದಡಕ್ಕೆ ಬಂದ ಮೇಲೆ ಅವನು ಬೇರೆ ಮನುಷ್ಯ, ಕಾಳಗದಲ್ಲಿ ಎಳ್ಳಷ್ಟೂ ಅಳುಕಿಲ್ಲ. ಎಪ್‌ಸ್ಟೀನರ ಅನುಭವಿಗಳ ಹಾಗೆ ಅವನೂ ಅದನ್ನೆಲ್ಲ ಸರೋವರದಲ್ಲೇ ಮುಗಿಸಿಕೊಂಡು ಬಂದಿದ್ದ.

ಆದರೂ ಸೋತ. ಅಲ್ಲೇ ಇರುವುದು ನಾನು ಹೇಳಬೇಕೆಂದಿರುವ ಮಾತು.

ವ್ಯಾಸಭಾರತದ ಶಲ್ಯಪರ್ವದಲ್ಲಿ ಕೃಷ್ಣ ಧರ್ಮರಾಯನ ಮೇಲೆ ಸಿಡುಕುವ ಒಂದು ಸಂದರ್ಭವಿದೆ. ನಮ್ಮೈವರಲ್ಲಿ ಯಾರನ್ನಾದರೂ ಆರಿಸಿಕೋ, ಗೆದ್ದರೆ ರಾಜ್ಯ ನಿನ್ನದು ಎಂದು ಧರ್ಮರಾಯ ದುರ್ಯೋಧನನಿಗೆ ಹೇಳಿಬಿಟ್ಟಿರುತ್ತಾನೆ. ಕೃಷ್ಣ ಅವನಿಗೆ ನೆನಪಿಸುತ್ತಾನೆ: ಇವನು 13 ವರ್ಷ ಕಬ್ಬಿಣದ ಭೀಮನನ್ನು ಮಾಡಿಸಿ ಅದರ ಮೇಲೆ ಗದೆ ಬೀಸಿ ಸಾಧನೆ ಮಾಡಿದವನು. ಇವತ್ತಿನ ಎಂಎಂಎ ಜಿಮ್ಮುಗಳಲ್ಲಿ ಎದುರಾಳಿಯ ಹಳೆಯ ಕಾಳಗಗಳ ವಿಡಿಯೊ ಹಾಕಿಕೊಂಡು, ಅವನಂತೆಯೇ ಎಡಗೈ ಮುಂದಿಟ್ಟು ಆಡುವ ಜತೆಗಾರನನ್ನು ಕರೆಸಿ, ಮೂರು ತಿಂಗಳು ಮಾಡುವುದೂ ಇದೇ. ಕಬ್ಬಿಣದ ಭೀಮನ ಮೇಲಿನ ಸಾಧನೆ ಚೆನ್ನಾಗಿಯೇ ಕೆಲಸ ಮಾಡಿತು. ವಿದ್ಯೆಯಲ್ಲಿ ದುರ್ಯೋಧನನ ಕೈಯೇ ಮೇಲು ಎಂದು ಕೃಷ್ಣನೇ ಒಪ್ಪುತ್ತಾನೆ. ಆದರೆ ಕಬ್ಬಿಣದ ಭೀಮ ನಿಯಮ ಮೀರುವುದಿಲ್ಲ. ಏಟು ತಪ್ಪಿಸಲು ದುರ್ಯೋಧನ ಮೇಲಕ್ಕೆ ನೆಗೆದ ಗಳಿಗೆಯಲ್ಲಿ ರಕ್ತಮಾಂಸದ ಭೀಮ ನಾಭಿಯ ಕೆಳಗೆ ಹೊಡೆದ. ತೊಡೆ ಮುರಿಯುತ್ತೇನೆ ಎಂದು ಅವನು ತುಂಬಿದ ಸಭೆಯಲ್ಲಿ ಕೂಗಿ ಹೇಳಿದ್ದ. ದುರ್ಯೋಧನ ಅದನ್ನು ಕೇಳಿಸಿಕೊಂಡಿದ್ದ. ಕೇಳಿಯೂ 13 ವರ್ಷ ನಿಯಮ ಪಾಲಿಸುವ ಭೀಮನ ಮೇಲೆಯೇ ಬೀಸಿದ.

ಕಾಯುವ ಹೊತ್ತು ಅಪಾಯದ್ದಾಗುವುದು ಇಲ್ಲಿ. ಸುಮ್ಮನೆ ಕೂತ ತಲೆ ಒಬ್ಬ ಎದುರಾಳಿಯನ್ನು ಕಟ್ಟುತ್ತದೆ. ಅಂಜುಬುರುಕನ ತಲೆ ರಾಕ್ಷಸನನ್ನು, ಸೊಕ್ಕಿನವನ ತಲೆ ಹುಲುಮಾನವನನ್ನು, ಮನನೊಂದವನ ತಲೆ ಮೋಸಗಾರನನ್ನು. ಕಣಕ್ಕೆ ಇಳಿದಾಗ ಎದುರಿಗೆ ನಿಂತಿರುವವನು ಮೂವರಲ್ಲಿ ಯಾರೂ ಅಲ್ಲ. ಕಟ್ಟಿಕೊಂಡವನನ್ನು ಕೆಡವಿ, ನಿಂತಿರುವವನನ್ನು ನೋಡುವಷ್ಟು ಜಾಗ ಮಾಡಿಕೊಳ್ಳುವುದೇ ಕಾಳಗದ ಮುಂಚಿನ ಮನಸ್ಸಿನ ಕೆಲಸವೆಂದು ನನಗೆ ಅನ್ನಿಸುತ್ತದೆ. ಧೈರ್ಯ, ಛಲ, ಕೊಲ್ಲುವ ಹುಮ್ಮಸ್ಸು ಎಂದೆಲ್ಲ ಬರೆಯುವವರು ಟಿಕೆಟ್ ಮಾರುವವರು.

ಕೆನಡಾದ ಜಾರ್ಜ್ ಸೇಂಟ್ ಪಿಯೆರ್ ಎಂಎಂಎ ಕಂಡ ಅತಿ ದೊಡ್ಡ ಹೆಸರುಗಳಲ್ಲಿ ಒಬ್ಬ. ತನಗೆ ಕಾದಾಡುವುದೆಂದರೆ ಇಷ್ಟವೇ ಇರಲಿಲ್ಲ, ಪ್ರತಿ ಸಲವೂ ಭಯವಾಗುತ್ತಿತ್ತು ಎಂದು ಎಷ್ಟೋ ಕಡೆ ಮುಚ್ಚುಮರೆಯಿಲ್ಲದೆ ಹೇಳಿಕೊಂಡವನು. 2007ರ ಏಪ್ರಿಲ್‌ನಲ್ಲಿ, ಯಾರೂ ಲೆಕ್ಕಕ್ಕಿಟ್ಟಿರದ ಮ್ಯಾಟ್ ಸೆರ್ರಾ ಮೊದಲ ಸುತ್ತಿನಲ್ಲೇ ಅವನನ್ನು ಕೆಡವಿ ಪಟ್ಟ ಕಸಿದುಕೊಂಡ. ಆ ಸೋಲು ಅವನನ್ನು ಬಿಡಲೊಲ್ಲದಾಯಿತು. ಕೊನೆಗೆ ಕ್ರೀಡಾ ಮನಶ್ಶಾಸ್ತ್ರಜ್ಞರೊಬ್ಬರ ಬಳಿ ಹೋದ. ಅವರು ಹೇಳಿದ್ದು ಇಷ್ಟು: ಒಂದು ಇಟ್ಟಿಗೆ ತಗೊ, ಅದರ ಮೇಲೆ ಸೆರ್ರಾ ಎಂದು ಬರೆ, ಹೊತ್ತು ತಿರುಗು, ಸಾಕೆನಿಸಿದಾಗ ನದಿಗೆ ಎಸೆ. ಎಸೆದ. 2008ರ ಏಪ್ರಿಲ್‌ನಲ್ಲಿ ಮಾಂಟ್ರಿಯಲ್‌ನಲ್ಲಿ ಅದೇ ಸೆರ್ರಾನನ್ನು ಎರಡನೆಯ ಸುತ್ತಿನಲ್ಲಿ ಮುಗಿಸಿದ. ಇಟ್ಟಿಗೆ ಎಸೆದದ್ದಕ್ಕೇ ಗೆದ್ದ ಎಂದರೆ ಅದು ಮಂತ್ರಕ್ಕೆ ಮಾವಿನಕಾಯಿ ಉದುರಿತೆಂದ ಹಾಗೆ. ಅವನು ಅಷ್ಟೊತ್ತಿಗೆ ಕುಸ್ತಿಯ ಪಟ್ಟುಗಳನ್ನೂ ಚೆನ್ನಾಗಿ ಮಸೆದುಕೊಂಡಿದ್ದ. ಆದರೆ ಹೊತ್ತು ತಿರುಗಿದ ಸೆರ್ರಾನನ್ನು ಎಲ್ಲಾದರೂ ಇಳಿಸದೆ ಎದುರಿಗೆ ನಿಂತ ಸೆರ್ರಾ ಕಾಣುವುದಿಲ್ಲ. ಶಿವನಿಗೆ ರಾಂಜಣಗಾಂವ ಸಿಕ್ಕಿತು, ಸೇಂಟ್ ಪಿಯೆರ್‌ಗೆ ನದಿ.

ಈ ಹೆದ್ದಾರಿಗೆ ಹತ್ತಿರದಲ್ಲೇ, ಪುಣೆಗೂ ರಾಂಜಣಗಾಂವಕ್ಕೂ ನಡುವೆ, ಲೋಣಿಕಂದದ ಬಳಿಯ ಫುಲಗಾಂವದಲ್ಲಿ 2023ರ ನವೆಂಬರಿನಲ್ಲಿ ಮಹಾರಾಷ್ಟ್ರ ಕೇಸರಿ ಕುಸ್ತಿ ನಡೆಯಿತು. ಗೆದ್ದವನ ಹೆಗಲಿಗೆ ಬೆಳ್ಳಿಯ ಗದೆ. ಅಂತಿಮ ಕುಸ್ತಿ ಹಿಡಿದವರು ರಾಜಗುರುನಗರದ ಶಿವರಾಜ ರಾಕ್ಷೆ ಮತ್ತು ಸೋಲಾಪುರ ಜಿಲ್ಲೆಯ ಮೋಹೋಳದ ಸಿಕಂದರ ಶೇಖ. ಸಿಕಂದರನ ಅಪ್ಪ ಹಮಾಲಿ ಮಾಡಿ ಮಗನನ್ನು ಪೈಲ್ವಾನನನ್ನಾಗಿ ಮಾಡಿದವರು. ಅವನು ಪಳಗಿದ್ದು ಕೊಲ್ಹಾಪುರದ ಗಂಗಾವೇಶ ತಾಲೀಮಿನಲ್ಲಿ. ಅದೇ ವರ್ಷದ ಜನವರಿಯಲ್ಲಿ ಪುಣೆಯ ಕೋಥ್ರುಡದಲ್ಲಿ ಮಹೇಂದ್ರ ಗಾಯಕವಾಡನ ಎದುರು ಸಿಕಂದರ ಸೋತಿದ್ದ. ಗಾಯಕವಾಡನಿಗೆ ಒಂದು ಪಟ್ಟಿಗೆ ಪಂಚರು ಕೊಟ್ಟ 4 ಅಂಕ ಸರಿಯೋ ತಪ್ಪೋ ಎಂದು ಮಹಾರಾಷ್ಟ್ರವೆಲ್ಲ ಜಗಳವಾಡಿತು. ಮೊಬೈಲುಗಳಲ್ಲಿ ಆ ಪಟ್ಟು ಲಕ್ಷ ಸಲ ನಿಧಾನಗತಿಯಲ್ಲಿ ಓಡಿತು. ಅಂಥ ಅನ್ಯಾಯದ ಮಾತನ್ನು ಹತ್ತು ತಿಂಗಳು ಕಿವಿತುಂಬ ಕೇಳಿದವನು ಫುಲಗಾಂವದಲ್ಲಿ ಅಂಕ ಎಣಿಸುವ ಪ್ರಮೇಯವನ್ನೇ ಇಡಲಿಲ್ಲ. ಅರ್ಧ ನಿಮಿಷವಾಗುವ ಮುಂಚೆ ರಾಕ್ಷೆಯನ್ನು ಚಿತ್ ಮಾಡಿದ. ಬೆನ್ನು ನೆಲಕ್ಕೆ ಹತ್ತಿದ ಮೇಲೆ ಪಂಚನ ಬೆರಳು ಎಷ್ಟು ತೋರಿಸಿದರೇನು.

ಅದರ ಮುಂದಿನ ಕತೆ ಕಹಿ. 2025ರ ಫೆಬ್ರುವರಿಯಲ್ಲಿ ಇದೇ ಹೆದ್ದಾರಿಯ ಆ ತುದಿಗೆ, ಅಹಿಲ್ಯಾನಗರದಲ್ಲಿ, ಪೃಥ್ವಿರಾಜ ಮೋಹೋಳನ ಎದುರು ರಾಕ್ಷೆಯನ್ನು ಚಿತ್ ಎಂದು ಸಾರಿದಾಗ, ಎರಡೂ ಭುಜ ತಾಗಿಯೇ ಇಲ್ಲ ಎಂದು ರಾಕ್ಷೆ ಸಿಡಿದೆದ್ದು ಪಂಚನನ್ನು ಒದ್ದ. ಅವತ್ತೇ ಅಂತಿಮ ಕುಸ್ತಿಯಲ್ಲಿ ಗಾಯಕವಾಡನೂ ಪಂಚರೊಡನೆ ಜಗಳ ತೆಗೆದು ಮ್ಯಾಟ್ ಬಿಟ್ಟು ನಡೆದ. ಇಬ್ಬರಿಗೂ 3 ವರ್ಷ ನಿಷೇಧವೆಂದು ಸಂಘಟಕರು ಸಾರಿದರು. ತೀರ್ಪು ಸರಿಯೇ ಎಂಬ ವಾದದಲ್ಲಿ ರಾಕ್ಷೆಯ ಕಡೆಗೂ ಜನ ನಿಂತರು, ನಿಲ್ಲಬಾರದೆಂದೇನೂ ಇಲ್ಲ. ಆದರೆ 2023ರಿಂದ ಮಹಾರಾಷ್ಟ್ರದ ಮ್ಯಾಟಿನ ಮೇಲೆ ಪೈಲ್ವಾನರ ಜತೆಗೆ ಪಂಚನೂ ಎದುರಾಳಿಯಾಗಿ ನಿಲ್ಲತೊಡಗಿದ್ದ. ಮೋಸವಾಗುತ್ತದೆ ಎಂದು ಮೊದಲೇ ನಂಬಿಸಲ್ಪಟ್ಟ ಹುಡುಗ ಕುಸ್ತಿ ಹಿಡಿಯುವಾಗ ಒಂದು ಕಣ್ಣನ್ನು ಸೀಟಿಯ ಮೇಲೆ ಇಟ್ಟಿರುತ್ತಾನೆ. ಇನ್ನೊಂದೇ ಕಣ್ಣಿನಿಂದ ನೂರು ಕಿಲೋ ಮೀರಿದ ಪೈಲ್ವಾನನನ್ನು ನೋಡಲಾಗುತ್ತದೆಯೇ?

ನಮ್ಮ ಗರಡಿಗಳು ಈ ಕಾಯುವ ಹೊತ್ತನ್ನು ಹೇಗೆ ತುಂಬುತ್ತಿದ್ದವು ಎಂಬುದನ್ನು ನೋಡಬೇಕು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಮಲ್ಲವಿನೋದವೆಂಬ ಭಾಗವಿದೆ. ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಳ ಎಂದು ವಿಂಗಡಿಸುತ್ತಾನೆ. ಭಾರ ಎತ್ತುವ ಶ್ರಮ, ನಡಿಗೆಯ ಶ್ರಮ, ನೀರಿನಲ್ಲಿ ಈಜುವ ಶ್ರಮ, ಕಂಬದ ಶ್ರಮ ಎಂದು ದಿನಚರಿ ಕೊಡುತ್ತಾನೆ. ಏನು ತಿನ್ನಬೇಕೆಂದು ಹೇಳುತ್ತಾನೆ. ಕೈಕಾಲಿಗೆ, ಹೊಟ್ಟೆಗೆ ಅಷ್ಟು ಕೆಲಸ ಕೊಟ್ಟ ಮೇಲೆ ತಲೆಗೆ ಎದುರಾಳಿಯನ್ನು ಕಟ್ಟಲು ಬಿಡುವೆಲ್ಲಿ! ಮೈಸೂರಿನಲ್ಲಿ ಇವತ್ತಿಗೂ ದಸರಾ ಕುಸ್ತಿಗೆ ಮುಂಚೆ ಜೋಡಿ ಕಟ್ಟುತ್ತಾರೆ. ಪೈಲ್ವಾನರು ಬಂದು ಎಲ್ಲರ ಮುಂದೆ ಪಕ್ಕಪಕ್ಕ ನಿಲ್ಲುತ್ತಾರೆ. ಹಿರಿಯರು ಎತ್ತರ, ಮೈಕಟ್ಟು, ಹಿಂದಿನ ಕುಸ್ತಿಗಳ ಲೆಕ್ಕ ನೋಡಿ, ಇವನಿಗೆ ಇವನು ಎಂದು ಹೇಳಿ ಕೈ ಕೂಡಿಸುತ್ತಾರೆ. ಒಪ್ಪಿಗೆಯಿಲ್ಲದವನು ಅಲ್ಲೇ ಬೇಡ ಎನ್ನಬಹುದು. ಜೋಡಿಯಾದವನ ಅಂಗೈಯ ಒರಟು, ಉಸಿರಿನ ವಾಸನೆ, ಮುರಿದ ಕಿವಿ ಎಲ್ಲವೂ ಮೊದಲೇ ಗೊತ್ತಾಗಿರುತ್ತದೆ. ಅಷ್ಟು ಹತ್ತಿರದಿಂದ ಕಂಡವನನ್ನು ರಾಕ್ಷಸ ಮಾಡುವುದು ಕಷ್ಟ.

ಜಾತ್ರೆಯ ಕುಸ್ತಿಯಲ್ಲಂತೂ ಕಾಯುವುದು ಜನರ ನಡುವೆಯೇ. ಉತ್ತರ ಕರ್ನಾಟಕದ ಯಾವ ಊರಿನ ಕಣಕ್ಕೆ ಹೋದರೂ ಕಾಣುತ್ತದೆ: ಕೊನೆಯ ಕುಸ್ತಿಯ ಪೈಲ್ವಾನ ಹೊದ್ದ ಟವೆಲಿನೊಳಗೆ ಮಡಚಿಕೊಂಡು ಕಣದ ಅಂಚಿನಲ್ಲೇ ಕೂತಿರುತ್ತಾನೆ, ಸುತ್ತ ಹಲಗೆ, ಸೀಟಿ, ಧೂಳು. ಅವನ ಗುರು ವಸ್ತಾದ ಪಟ್ಟಿನ ಮಾತೆತ್ತುವುದೇ ಇಲ್ಲ.

“ಉಂಡಿಯೇನೋ ತಮ್ಮಾ?”

“ಉಂಡೇನ್ರೀ ವಸ್ತಾದರ.”

“ನಿದ್ದಿ?”

“ಆಗೇತ್ರಿ.”

ಇಷ್ಟೇ. ಆಮೇಲೆ ಹುಡುಗ ಎದ್ದು ಕಣದ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಳ್ಳುತ್ತಾನೆ, ತೊಡೆ ತಟ್ಟುತ್ತಾನೆ, ಎದುರಿನವನ ಮೈಗೆ ಮಣ್ಣು ಎರಚುತ್ತಾನೆ, ಎದುರಿನವನು ಇವನ ಮೈಗೆ. ಬೆವರಿಗೆ ಹಿಡಿತ ಜಾರಬಾರದೆಂದು ಮಾಡುವ ಕೆಲಸ ಅದು. ನೋಡುವವನಿಗೆ ಇಬ್ಬರೂ ಒಂದೇ ಬಣ್ಣಕ್ಕೆ ಬರುತ್ತಿರುವುದು ಕಾಣುತ್ತದೆ. ಸಲಾಮಿಯಾದ ಮೇಲೆ ಪಟ್ಟು.

ಇದೆಲ್ಲ ಮಣ್ಣಿನ ಕುಸ್ತಿಯ ಸೌಮ್ಯತೆ, ಎಂಎಂಎಯ ರಕ್ತಪಾತಕ್ಕೆ ಹೊಂದದು ಎನ್ನುವವರು ಅರಮನೆಯೊಳಗೆ ನೋಡಬೇಕು. ವಿಜಯದಶಮಿಯ ದಿನ ಮೈಸೂರು ಅರಮನೆಯ ಸವಾರಿ ತೊಟ್ಟಿಯಲ್ಲಿ ವಜ್ರಮುಷ್ಟಿ ಕಾಳಗ ನಡೆಯುತ್ತದೆ. ಮೈಸೂರು, ಚಾಮರಾಜನಗರ, ಚನ್ನಪಟ್ಟಣ, ಬೆಂಗಳೂರಿನ ಜಟ್ಟಿ ಮನೆತನದವರು ತಲೆ ಬೋಳಿಸಿ ಜುಟ್ಟಷ್ಟೇ ಉಳಿಸಿಕೊಂಡು, ಬೆರಳಿಗೆ ಮೊನೆಯುಳ್ಳ ವಜ್ರಮುಷ್ಟಿ ತೊಟ್ಟು ಎದುರಾಗುತ್ತಾರೆ. ಗುದ್ದು, ಹಿಡಿತ, ಪಟ್ಟು ಮೂರೂ ಸೇರಿದ ಕಾಳಗ, ಗುರಿ ತಲೆ. ವಿಜಯನಗರದ ಮಹಾನವಮಿಯಲ್ಲಿ ಹಲ್ಲು ಉದುರುವಂತೆ, ಕಣ್ಣು ಹೋಗುವಂತೆ ಗುದ್ದಾಡುವ ಮಲ್ಲರನ್ನು ಕಂಡದ್ದಾಗಿ ಪೋರ್ಚುಗೀಸ್ ಯಾತ್ರಿಕ ಡೊಮಿಂಗೊ ಪಾಯಸ್ ಬರೆದಿಟ್ಟಿದ್ದಾನೆ. ಯುಎಫ್‌ಸಿಯ ಮೊದಲ ಪಂದ್ಯ ಡೆನ್ವರ್‌ನಲ್ಲಿ ನಡೆದದ್ದು 1993ರಲ್ಲಿ. ಮೈಸೂರಿನಲ್ಲಿ ಬೋಳು ತಲೆಯ ಮೇಲೆ ಮೊದಲ ರಕ್ತ ಕಂಡ ಕೂಡಲೇ ಹಿರಿಯರು ನಡುವೆ ನುಗ್ಗಿ ಬಿಡಿಸುತ್ತಾರೆ. ಎಷ್ಟೋ ಸಲ ಒಂದು ನಿಮಿಷವೂ ಹಿಡಿಯುವುದಿಲ್ಲ. ಆ ಗಳಿಗೆಗಾಗಿ ಜಟ್ಟಿ ವಾರಗಟ್ಟಲೆ ಅಭ್ಯಾಸ, ಪಥ್ಯದಲ್ಲಿರುತ್ತಾನೆ. ದ್ವೇಷವನ್ನು ಅಷ್ಟು ದಿನ ಕುದಿಸಿಟ್ಟುಕೊಂಡು ಬಂದವನು ಮೊದಲ ಹನಿ ರಕ್ತಕ್ಕೆ ಕೈ ಕಟ್ಟಿ ನಿಲ್ಲಲಾರ. ಇವರು ನಿಲ್ಲುತ್ತಾರೆ. ನನ್ನ ಮಟ್ಟಿಗೆ ವಜ್ರಮುಷ್ಟಿಯ ಅಚ್ಚರಿ ಗುದ್ದಿನಲ್ಲಿಲ್ಲ, ಈ ನಿಲುಗಡೆಯಲ್ಲಿದೆ.

ಇದಕ್ಕೆ ಪೂರಾ ವಿರುದ್ಧ ಇವತ್ತಿನ ಎಂಎಂಎ ಪ್ರಚಾರ. ಕಾಳಗದ ಹಿಂದಿನ ದಿನ ತೂಕ ನೋಡಿದ ಮೇಲೆ ಇಬ್ಬರನ್ನೂ ವೇದಿಕೆಯ ಮೇಲೆ ಮೂಗಿಗೆ ಮೂಗು ತಾಗುವಂತೆ ನಿಲ್ಲಿಸುತ್ತಾರೆ. ಕ್ಯಾಮೆರಾಗಳಿಗೆ ಬೇಕಾದದ್ದು ತಳ್ಳಾಟ, ಬೈಗುಳ. ಜೋಡಿ ಕಟ್ಟುವಾಗಲೂ ಎದುರುಬದುರು ನಿಲ್ಲಿಸುತ್ತಾರಲ್ಲ ಎನ್ನಬಹುದು. ಅಲ್ಲಿ ಮನುಷ್ಯನನ್ನು ಅಳೆಯುತ್ತಾರೆ, ಇಲ್ಲಿ ಕಬ್ಬಿಣದ ಭೀಮನನ್ನು ಎರಕ ಹೊಯ್ಯುತ್ತಾರೆ. ಅದೂ ಯಾವ ಸ್ಥಿತಿಯಲ್ಲಿ? ತೂಕ ಇಳಿಸಲು ನೀರು ಬಿಟ್ಟು, ಬಿಸಿ ಕೋಣೆಯಲ್ಲಿ ಬೆವರು ಹರಿಸಿ, ತುಟಿ ಒಡೆದ ಸ್ಥಿತಿಯಲ್ಲಿ. 2015ರ ಡಿಸೆಂಬರಿನಲ್ಲಿ ಮನಿಲಾದಲ್ಲಿ ಚೀನಾದ ಯಾಂಗ್ ಜಿಯಾನ್ ಬಿಂಗ್ ಹೀಗೆ ತೂಕ ಇಳಿಸುತ್ತಲೇ ಸತ್ತ ಮೇಲೆ ಒನ್ ಚಾಂಪಿಯನ್‌ಶಿಪ್ ಸಂಸ್ಥೆ ನೀರು ಬತ್ತಿಸಿ ತೂಕ ಇಳಿಸುವುದನ್ನೇ ನಿಷೇಧಿಸಿತು. ಪ್ಯಾರಿಸ್‌ನಲ್ಲಿ 2024ರ ಆಗಸ್ಟ್ 7ರ ಬೆಳಿಗ್ಗೆ ಒಲಿಂಪಿಕ್ಸ್ ಕುಸ್ತಿಯ ತೂಕದಲ್ಲಿ ವಿನೇಶ್ ಫೋಗಟ್ 100 ಗ್ರಾಂ ಹೆಚ್ಚಾದದ್ದು ಎಲ್ಲರಿಗೂ ಗೊತ್ತು. ಹಿಂದಿನ ರಾತ್ರಿಯೆಲ್ಲ ಓಡಿ, ಬೆವರಿ, ಕೂದಲು ಕತ್ತರಿಸಿಕೊಂಡವಳ ಎದುರಾಳಿ ಆ ರಾತ್ರಿ ಅಮೆರಿಕದ ಕುಸ್ತಿಪಟು ಆಗಿರಲೇ ಇಲ್ಲ, ತೂಕದ ಯಂತ್ರವಾಗಿತ್ತು.

ತೂಕವಾದ ಮೇಲೆ ಕೋಣೆ. ಪಂಜರಕ್ಕೆ ಕರೆಯುವವರೆಗೆ ಮುಚ್ಚಿದ ಕೋಣೆಯಲ್ಲಿ ಮೂರೋ ನಾಲ್ಕೋ ಗಂಟೆ. ಕೈಗೆ ಪಟ್ಟಿ ಸುತ್ತುತ್ತಾರೆ, ಅದಕ್ಕೆ ಅಧಿಕಾರಿ ಸಹಿ ಹಾಕುತ್ತಾನೆ. ಗೋಡೆಯ ಟಿವಿಯಲ್ಲಿ ತನಗಿಂತ ಮುಂಚಿನವರು ಬೀಳುವುದು ಕಾಣುತ್ತಿರುತ್ತದೆ. ಐದೈದು ನಿಮಿಷದ ಮೂರು ಸುತ್ತಿಗಾಗಿ ಇಷ್ಟು ಕಾಯುವಿಕೆ. ಪಳಗಿದವರು ಇಲ್ಲಿ ಮಾಡುವುದು ನೀರಸವಾದ ಕೆಲಸಗಳನ್ನು. ಉಸಿರು ಎಣಿಸುತ್ತಾರೆ, ಒಳಗೆ ಎಳೆದದ್ದಕ್ಕಿಂತ ಹೊರಗೆ ಬಿಡುವುದು ಉದ್ದವಾಗಿ. ಇದರಿಂದ ಎದೆಬಡಿತ ಇಳಿಯುತ್ತದೆ. ಗಂಟೆ ಬಾರಿಸಿದ ಮೇಲಿನ ಮೊದಲ ಹೆಜ್ಜೆ ಯಾವುದು ಎಂಬುದೊಂದನ್ನೇ ನೆನೆಯುತ್ತಾರೆ, ಗೆಲುವನ್ನಲ್ಲ. ಕೆಲವರು ನಿದ್ದೆಯನ್ನೇ ಮಾಡುತ್ತಾರೆ. 2024ರ ಜೂನ್ 8ರಂದು ಅಮೆರಿಕದ ಲೂಯಿವಿಲ್‌ನಲ್ಲಿ ಉತ್ತರ ಪ್ರದೇಶದ ಪೂಜಾ ತೋಮರ್, ಬ್ರೆಜಿಲಿನ ರಾಯಾನ್ ದೋಸ್ ಸಾಂತೋಸ್ ಎದುರು ಮೂವರು ತೀರ್ಪುಗಾರರಲ್ಲಿ ಇಬ್ಬರ ಲೆಕ್ಕದಲ್ಲಿ ಗೆದ್ದು ಯುಎಫ್‌ಸಿಯಲ್ಲಿ ಕಾಳಗ ಗೆದ್ದ ಮೊದಲ ಭಾರತೀಯಳಾದಳು. ಮೊದಲ ಸುತ್ತು ಇವಳದು, ಎರಡನೆಯದು ಅವಳದು. ಎರಡಕ್ಕೂ ಮೂರಕ್ಕೂ ನಡುವಿನ ಒಂದು ನಿಮಿಷದಲ್ಲಿ ಸ್ಟೂಲಿನ ಮೇಲೆ ಕೂತವಳು, ಈಗಷ್ಟೇ ತನ್ನನ್ನು ಹೊಡೆದವಳನ್ನು ತಲೆಯಿಂದ ಇಳಿಸಿ ಮತ್ತೆ ಹೊಸಬಳಂತೆ ನೋಡಬೇಕು. ಕಾಯುವ ಹೊತ್ತು ಕಾಳಗದ ಒಳಗೂ ಇರುತ್ತದೆ.

ಆ ಹೊತ್ತನ್ನೇ ಕಸಿದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಹತ್ತಿರ ಒಬ್ಬ ಮಹಾಮಲ್ಲನ ಉದಾಹರಣೆಯಿದೆ. 1952ರ ಹೆಲ್ಸಿಂಕಿ ಒಲಿಂಪಿಕ್ಸ್. ಕರಾಡದ ಹತ್ತಿರದ ಗೋಳೇಶ್ವರದ ಖಾಶಾಬಾ ಜಾಧವ ಜಪಾನಿನ ಶೊಹಾಚಿ ಇಶಿಯ ಜತೆ ದೀರ್ಘ ಕುಸ್ತಿ ಹಿಡಿದು ಸೋತು ಮ್ಯಾಟಿನಿಂದ ಇಳಿದ. ಎರಡು ಕುಸ್ತಿಗಳ ನಡುವೆ ಅರ್ಧ ಗಂಟೆ ವಿರಾಮ ಇರಬೇಕಿತ್ತು. ಕೂಡಲೇ ಸೋವಿಯತ್ ಒಕ್ಕೂಟದ ರಷೀದ್ ಮಮ್ಮದ್‌ಬೆಯೊವ್ ಎದುರು ಇಳಿಯಲು ಕರೆದರು. ನಿಯಮ ತೋರಿಸಿ ತಕರಾರು ಮಾಡಬೇಕಾದ ಭಾರತದ ಅಧಿಕಾರಿ ಯಾರೂ ಅಲ್ಲಿರಲಿಲ್ಲ. ಖಾಶಾಬಾ ದಣಿದ ಮೈಯಲ್ಲೇ ಇಳಿದ, ಸೋತ, ಕಂಚು ತಂದ. ಇಶಿ ಚಿನ್ನ ಗೆದ್ದ. ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ಎಂದು ಆ ಕಂಚಿನ ಕತೆಯನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಹೋದ ಅರ್ಧ ಗಂಟೆಯ ಲೆಕ್ಕವನ್ನು ಯಾರೂ ಕೇಳುವುದಿಲ್ಲ.

ಪುಣೆ, ಬೆಂಗಳೂರು, ಹುಬ್ಬಳ್ಳಿಯ ಜಿಮ್ಮುಗಳಲ್ಲಿ ಈಗ ಗುದ್ದಿಗೊಬ್ಬ ಕೋಚ್, ಒದೆಗೊಬ್ಬ, ನೆಲದ ಹಿಡಿತಕ್ಕೊಬ್ಬ ಸಿಗುತ್ತಾನೆ. ಪಂದ್ಯದ ದಿನ ಮಧ್ಯಾಹ್ನ ಎರಡರಿಂದ ಸಂಜೆ ಆರರವರೆಗೆ ಹುಡುಗನ ಪಕ್ಕ ಸುಮ್ಮನೆ ಕೂರಲು ಯಾರೂ ಇರುವುದಿಲ್ಲ, ಅಥವಾ ಇರುವವನು ಅವನದೇ ವಿಡಿಯೊ ತೆಗೆಯುತ್ತಿರುತ್ತಾನೆ. ಹಾಗೆ ಕೂರಬಲ್ಲ ಹಳೆಯ ವಸ್ತಾದರು ಅಥಣಿ, ಜಮಖಂಡಿ, ಮುಧೋಳ, ದಾವಣಗೆರೆಯ ಗರಡಿಗಳಲ್ಲಿ ಇನ್ನೂ ಇದ್ದಾರೆ, ಹೆಚ್ಚಿನವರಿಗೆ ಈಗ ಶಿಷ್ಯರಿಲ್ಲ. ಪಂಜರದ ಸುತ್ತ ಬಣ್ಣದ ದೀಪಕ್ಕೆ ಅಷ್ಟೊಂದು ಸುರಿಯುವ ಸಂಘಟಕರಿಗೆ ಒಬ್ಬ ವಸ್ತಾದನ ಬಸ್ಸಿನ ಖರ್ಚು, ಎರಡು ಹೊತ್ತಿನ ಊಟ ದೊಡ್ಡದೇನಲ್ಲ. ಎಂಎಂಎಯ ಒಂದು ನಿಯಮವೂ ಅವನಿಗೆ ಗೊತ್ತಿರಬೇಕಾಗಿಲ್ಲ.